ಸಹಾಯ ಬೇಕು: ವ್ಯಾಗನ್‌ಆರ್ ಕ್ಲಚ್ ಪ್ಲೇಟ್ ಮನ್ಯಾಗ ಬದಲಸಬಹುದೇನ್ರಿ?

ನಮಸ್ಕಾರ್ರಿ. ಊರು ಹುಬ್ಬಳ್ಳಿ, ಗಾಡಿ ಪೆಟ್ರೋಲ್. ನಾಲ್ಕನೇ ಗೇರ್‌ನ್ಯಾಗ ಆಕ್ಸಿಲರೇಟರ್ ಒತ್ತಿದ್ರ ಎಂಜಿನ್ ಒದರತೈತಿ, ಸ್ಪೀಡ್ ಏರಂಗಿಲ್ಲ. ಕ್ಲಚ್ ಕೇಬಲ್ ಫ್ರೀ ಪ್ಲೇ (ಕೇಬಲ್ ಬಿಗಿಯಾಗೋ ಮೊದಲಿನ ಸಡಿಲು) ಸರಿ ಐತಿ, ಅಂದ್ರ ಪ್ಲೇಟೇ ಸವದೈತಿ.

ಪ್ಲೇಟ್, ಅದನ್ನ ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟ್, ಪೆಡಲ್ ತುಳಿದಾಗ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್ ಮೂರೂ ಹೊಸವು ಹಾಕೋದು. ಬೇರಿಂಗಿನ ರೊಕ್ಕ ಉಳಿಸಾಕ ಹೋದ್ರ ಅದಕ್ಕಂತ ಮತ್ತ ಗೇರ್‌ಬಾಕ್ಸ್ ಇಳಿಸಬೇಕು. ಗೇರ್ ಆಯಿಲ್ ತಗದು ಆಕ್ಸಲ್ ಜಗ್ಗೋದು, ಸೀಲ್ ಬದಲಿಸೋದು ನನಗ ಬರತೈತಿ.

ಅಂಜಿಕಿ ಇರೋದು ಗೇರ್‌ಬಾಕ್ಸ್ ವಾಪಸ್ ಏರಿಸೋದರಾಗ. ಗೇರ್‌ಬಾಕ್ಸಿನ ಭಾರ ಅದರ ಇನ್‌ಪುಟ್ ಶಾಫ್ಟ್ (ಪ್ಲೇಟಿನ ನಡುವ ತೂರೋ ದಂಡ) ಮ್ಯಾಲೆ ಜೋತುಬಿದ್ರ ಹೊಸ ಪ್ಲೇಟಿನ ಹಬ್ (ನಡುವಿನ ಭಾಗ) ಸೊಟ್ಟಾಗತೈತಿ, ಆಮ್ಯಾಲೆ ಕ್ಲಚ್ ಪೂರ್ತಿ ಬಿಡಂಗಿಲ್ಲ. ಬೋಲ್ಟ್ ಬಿಗಿದು ಜಗ್ಗಿ ಕೂಡಿಸಿದ್ರ ಗೇರ್‌ಬಾಕ್ಸ್ ಹೌಸಿಂಗಿನ (ಹೊರಗಿನ ಕವಚದ) ಬೋಲ್ಟ್ ಕೂಡೋ ಕಿವೀನ ಮುರೀತೈತಿ. ಸ್ಟೆಪ್ನಿ ಜಾಕ್ ಇದಕ್ಕ ಉಪಯೋಗಿಲ್ಲ.

ಗೇರ್‌ಬಾಕ್ಸ್ ಜಾಕ್, ಪ್ಲೇಟ್ ಸರಿಯಾಗಿ ನಡುವ ಕೂಡಿಸೋ ಅಲೈನ್‌ಮೆಂಟ್ ಟೂಲ್ ಬಾಡಿಗಿ ಕೊಡೋರು ಯಾರರ ಅದಾರೇನ್ರಿ? ಗೋಕುಲ ರೋಡ್ ಕಡೆ ಫ್ಲೈವೀಲ್ ಫೇಸಿಂಗ್ (ಪ್ಲೇಟ್ ಒತ್ತಿ ಕೂಡೋ ಎಂಜಿನ್ ಚಕ್ರದ ಮುಖ ಸಮ ಮಾಡೋದು) ಮಾಡೋ ಲೇತ್ ಇದ್ರೂ ತಿಳಿಸ್ರಿ. ಜಾಕ್ ಸಿಗಲಿಲ್ಲಂದ್ರ ಗ್ಯಾರೇಜಿಗೇ ಬಿಡೋದು.