ನಾಲ್ಕು ಬಣ್ಣದ ಮಣಿ ಪೋಣಿಸುವ ಮೊದಲು

ಸುಮಾ, ನೀನು ನಿನ್ನೆ ಗ್ರೂಪಿಗೆ ಹಾಕಿದ ಫೋಟೋ ಈಗ ನೋಡಿದೆ. ಗೋಕರ್ಣದ ರಥಬೀದಿಯಲ್ಲಿ ತಂದ ನೇರಳೆ ಅಮೆಥಿಸ್ಟ್, ಕೆಂಪು ಕಾರ್ನೀಲಿಯನ್, ನೀಲಿ ಟರ್ಕಾಯ್ಸ್, ಜೊತೆಗೆ ಅಜ್ಜಿಯ ಹಳೇ ಸರದ ಮುತ್ತು. ಎಲ್ಲಾ ಸೇರಿಸಿ ಅಕ್ಕನ ನಿಶ್ಚಿತಾರ್ಥಕ್ಕೆ ಒಂದು ಸರ ಮಾಡಬೇಕು, ಹೇಗೆ ಜೋಡಿಸಲಿ ಚಿಕ್ಕಿ ಅಂತ ಕೇಳಿದ್ದೀಯ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಲೇ ಕೇಳು.

ಮೊದಲಿಗೆ, ನಾಲ್ಕಕ್ಕೂ ಸಮಪಾಲು ಕೊಡಬೇಡ. ಒಂದು ಕೆಂಪು, ಒಂದು ನೇರಳೆ, ಒಂದು ನೀಲಿ, ಒಂದು ಮುತ್ತು ಅಂತ ಸುತ್ತಿ ಸುತ್ತಿ ಪೋಣಿಸಿದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಒಂದು ಕಲ್ಲು ಯಜಮಾನಿಕೆ ಮಾಡಲಿ. ನನ್ನ ಕೇಳಿದರೆ ಕಾರ್ನೀಲಿಯನ್. ಸೀರೆ ಎಲೆಹಸಿರು ಅಂತ ನಿನ್ನ ಆಯಿ ಹೇಳಿದ್ದಳು, ಅದರ ಮೇಲೆ ಆ ಕೆಂಪು ಎದ್ದು ಕಾಣುತ್ತದೆ. ಅರ್ಧಕ್ಕಿಂತ ಜಾಸ್ತಿ ಅದೇ ಇರಲಿ. ಅಮೆಥಿಸ್ಟ್ ಅಲ್ಲಲ್ಲಿ ಎರಡು ಮೂರು ಒಟ್ಟಿಗೆ. ಮುತ್ತು ಬರೀ ಕೆಳಗಿನ ಭಾಗಕ್ಕೆ, ಎದೆಯ ಮೇಲೆ ಬೀಳುವಲ್ಲಿ.

ಬಣ್ಣ ಜಾಸ್ತಿ ಇದ್ದಾಗ ಗಾತ್ರ ಒಂದೇ ಇಟ್ಟುಕೊಳ್ಳಬೇಕು. ನಮ್ಮ ಅಂಕೋಲಾ ಕಡೆ ಹಾಲಕ್ಕಿ ಹೆಂಗಸರನ್ನು ನೋಡು. ಅವರಲ್ಲೇ ಒಬ್ಬರಾದ, ಗಿಡ ನೆಟ್ಟು ಬೆಳೆಸಿ ಹೆಸರಾದ ತುಳಸಿ ಗೌಡ ಅವರು 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಂಡ ಫೋಟೋ ಇದೆಯಲ್ಲ, ಕುತ್ತಿಗೆ ತುಂಬ ಮಣಿಸರ. ಅಷ್ಟು ಸರ ಇದ್ದರೂ ಗೊಂದಲ ಅನಿಸುವುದಿಲ್ಲ, ಯಾಕೆಂದರೆ ಮಣಿ ಎಲ್ಲಾ ಸಣ್ಣವು. ಎಷ್ಟು ಚಂದ ಅದು! ನಿನ್ನ ಮಣಿ 8 ಮಿಲಿಮೀಟರಿನವು ಅಂದೆ. 18 ಇಂಚಿನ ಸರಕ್ಕೆ ಕೊಕ್ಕೆಯ ಜಾಗ ಬಿಟ್ಟು ಸುಮಾರು 54 ಬೇಕು. ಹಾಗಂತ 18 ಇಂಚೇ ಮಾಡು ಅಂತಲ್ಲ. ಅಕ್ಕನಿಗೆ ಆ ಬ್ಲೌಸ್ ಹಾಕಿಸಿ, ಒಂದು ದಾರ ಕುತ್ತಿಗೆಗೆ ಇಟ್ಟು ಎಲ್ಲಿಗೆ ಬಂದರೆ ಚಂದ ಅಂತ ನೋಡಿ ಅಳತೆ ತಗೋ.

ಜೋಡಿಸುವುದಕ್ಕೆ ಟವೆಲ್ ಮಡಿಸಿ ಅದರ ಸಂದಿಯಲ್ಲಿ ಮಣಿ ಇಡು, ಉರುಳುವುದಿಲ್ಲ. ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡು. ಕೆಂಪು, ನೇರಳೆ ಎರಡೂ ಒಂದೇ ತರಹ ಕಪ್ಪಗೆ ಕಂಡರೆ ನಡುವೆ ತಿಳಿ ಬಣ್ಣ ಬೇಕು ಅಂತ ಅರ್ಥ. ಅಲ್ಲಿ ತಿಳಿ ನೇರಳೆಯ ಮಣಿಗಳನ್ನು ಆರಿಸಿ ಹಾಕು.

ಇನ್ನು ಆ ಟರ್ಕಾಯ್ಸ್. ಅದರ ಮೇಲೆ ನನಗೆ ಅನುಮಾನ. ಅಷ್ಟು ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ ಹೌಲೈಟ್ ಅನ್ನುವ ಬಿಳಿ ಕಲ್ಲಿಗೆ ಬಣ್ಣ ಹಾಕಿದ್ದು. ತೂತಿನ ಒಳಗೆ ಟಾರ್ಚ್ ಬಿಟ್ಟು ನೋಡು, ಬೆಳ್ಳಗಿದ್ದರೆ ಅದೇ. ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಚ್ಚಿ ತೂತಿನ ಹತ್ತಿರ ಉಜ್ಜಿದಾಗ ನೀಲಿ ಬಂದರೂ ಅದೇ. ನಿಶ್ಚಿತಾರ್ಥದ ದಿನ ಸೆಕೆಗೆ ಬೆವರಿ ಆ ಬಣ್ಣ ರೇಷ್ಮೆ ಸೀರೆಗೆ ಹತ್ತಿದರೆ ಏನು ಮಾಡುವುದು? ಅದನ್ನು ಬಿಟ್ಟೇಬಿಡು. ನಿನಗೊಂದು ಕೈಬಳೆ ಮಾಡಿಕೋ, ಸಾಕು.

ಮುತ್ತಿನ ವಿಷಯ ಮಾತ್ರ ಗಮನ ಇಟ್ಟು ಕೇಳು. ಅಮೆಥಿಸ್ಟ್ ಗಡಸು, ಕಲ್ಲಿನ ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಅಳತೆಯಲ್ಲಿ 7. ಕಾರ್ನೀಲಿಯನ್ನೂ ಹೆಚ್ಚುಕಡಿಮೆ ಅಷ್ಟೇ. ಮುತ್ತು ಬರೀ 2.5ರಿಂದ 4.5. ಗಡಸು ಕಲ್ಲು ಪಕ್ಕದಲ್ಲೇ ಕೂತು ತಿಕ್ಕುತ್ತಿದ್ದರೆ ಅಜ್ಜಿಯ ಮುತ್ತಿನ ಹೊಳಪು ಹೋಗುತ್ತದೆ. ಅದಕ್ಕೆ ಮುತ್ತಿನ ಎರಡೂ ಬದಿ ರೇಷ್ಮೆ ದಾರದಲ್ಲಿ ಗಂಟು ಹಾಕಬೇಕು. ಗಂಟು ಮಣಿಗೆ ಒತ್ತಿಕೊಂಡು ಕೂರಬೇಕು, ಸೂಜಿ ತುದಿಯಿಂದ ಗಂಟನ್ನು ತಳ್ಳುತ್ತಾ ಬಿಗಿ ಮಾಡು. ದಾರ ಹರಿದರೂ ಒಂದೇ ಮುತ್ತು ಬೀಳುತ್ತದೆ, ಎಲ್ಲಾ ಚೆಲ್ಲಿ ಹೋಗುವುದಿಲ್ಲ. ಬದಿಯ ಎರಡು ಭಾಗ ಬರೀ ಕಲ್ಲು ಆದ್ದರಿಂದ ನೈಲಾನ್ ಹೊದಿಕೆಯ ಸ್ಟೀಲ್ ತಂತಿಯಲ್ಲಿ ಪೋಣಿಸು, ಕಲ್ಲಿನ ತೂತಿನ ಅಂಚು ಹರಿತ ಇರುತ್ತದೆ, ಬರೀ ದಾರವನ್ನು ಕೊಯ್ದುಬಿಡುತ್ತದೆ. ಮುತ್ತಿನ ಭಾಗವನ್ನು ಸಣ್ಣ ಬೆಳ್ಳಿ ಉಂಗುರ ಇಟ್ಟು ಈ ಎರಡಕ್ಕೂ ಸೇರಿಸಬಹುದು. ಮೀನು ಹಿಡಿಯುವ ನೈಲಾನ್ ದಾರ ಸಾಲದೇ ಅಂತ ನಿನ್ನ ಅಣ್ಣ ಕೇಳಿದ್ದಾನೆ. ಬೇಡ ಮಾರಾಯಾ, ಅದು ಜಗ್ಗುತ್ತದೆ, ಆಮೇಲೆ ಮಣಿ ನಡುವೆ ದಾರ ಕಾಣುತ್ತದೆ.

ತಂತಿಯ ತುದಿಯನ್ನು ಕ್ರಿಂಪ್ ಮಣಿಯಲ್ಲಿ (ಇಕ್ಕಳದಲ್ಲಿ ಒತ್ತಿ ತಂತಿಯನ್ನು ಬಿಗಿ ಮಾಡುವ ಸಣ್ಣ ಲೋಹದ ಮಣಿ) ಹಾಕಿ, ಉಂಗುರಕ್ಕೆ ಸುತ್ತಿ, ವಾಪಸ್ ಅದೇ ಕ್ರಿಂಪಿನಲ್ಲಿ ತಂದು, ಉಳಿದ ತುದಿಯನ್ನು ಎರಡು ಮೂರು ಮಣಿಯ ಒಳಗೆ ತೂರಿಸು. ಒತ್ತುವ ಮೊದಲು ಸರವನ್ನು ಕುತ್ತಿಗೆಯ ಹಾಗೆ ಬಳಸಿ ನೋಡು. ಬೆತ್ತದ ಹಾಗೆ ಸೆಟೆದು ನಿಂತರೆ ಸ್ವಲ್ಪ ಸಡಿಲ ಬಿಡು.

ಕೊಕ್ಕೆ ಬೆಳ್ಳಿಯದೇ ಹಾಕು. ನಮ್ಮ ಕಾರವಾರದ ಉಪ್ಪುಗಾಳಿಗೆ ಅಗ್ಗದ್ದು ಬೇಗ ಹಸಿರು ಕಟ್ಟುತ್ತದೆ, ಬೆಳ್ಳಿ ಕಪ್ಪಾದರೆ ತಿಕ್ಕಿ ಬೆಳಗಿಸಬಹುದು. ತಲೆಗೆ ಎಣ್ಣೆ, ಸೆಂಟು ಎಲ್ಲಾ ಆದ ಮೇಲೇ ಸರ ಹಾಕಿಕೊಳ್ಳಲು ಅಕ್ಕನಿಗೆ ಹೇಳು. ತೆಗೆದಮೇಲೆ ಹತ್ತಿ ಬಟ್ಟೆಯಲ್ಲಿ ಒರೆಸಿ ಇಡಲಿ. ತೊಳೆದು ಬಿಸಿಲಿಗೆ ಹಾಕಬೇಡಿ, ಬಿಸಿಲಿಗೆ ಅಮೆಥಿಸ್ಟ್ ಬಣ್ಣ ಕಳೆದುಕೊಳ್ಳುತ್ತದೆ.

ಶಿರಸಿಯಲ್ಲಿ ತಂತಿ ಸಿಗದಿದ್ದರೆ ಹುಬ್ಬಳ್ಳಿಯಿಂದ ತರಿಸು. ಮೂಗು ಚೂಪಿರುವ ಇಕ್ಕಳ ನನ್ನ ಹತ್ತಿರ ಇದೆ, ಮುಂದಿನ ವಾರ ನಿಮ್ಮಪ್ಪ ಕಾರವಾರಕ್ಕೆ ಬಂದಾಗ ಕೊಟ್ಟು ಕಳಿಸುತ್ತೇನೆ. ಟವೆಲ್ ಮೇಲೆ ಜೋಡಿಸಿದ ಫೋಟೋ ಮೊದಲು ನನಗೆ ಕಳಿಸು, ನೋಡಿ ಹೇಳುತ್ತೇನೆ, ಆಮೇಲೆ ಪೋಣಿಸು.