ಪಿಟ್ಸ್‌ಬರ್ಗ್‌ನಲ್ಲಿ ಕಾಲೇಜ್ ಫುಟ್‌ಬಾಲ್: ಯಾವ ಸ್ಟೇಡಿಯಂ, ಹೋಗೋದು ಹೇಗೆ?

ಪ್ರಶ್ನೆ
ಅಕ್ಟೋಬರ್‌ನಲ್ಲಿ ಅಪ್ಪ-ಅಮ್ಮ ಬರ್ತಿದ್ದಾರೆ. ಅಪ್ಪನಿಗೆ ಅಮೆರಿಕನ್ ಫುಟ್‌ಬಾಲ್ ಒಂದಾದರೂ ನೋಡಬೇಕಂತೆ. ಮಂಡಿನೋವು ಇದೆ, ಏರು ಹತ್ತೋಕಾಗಲ್ಲ. ನಾವಿರೋದು ಪಿಟ್ಸ್‌ಬರ್ಗ್‌ನ ಓಕ್‌ಲ್ಯಾಂಡ್ ಬಡಾವಣೆಯಲ್ಲಿ, ಕಾರಿಲ್ಲ. ಪಿಟ್ (ಯೂನಿವರ್ಸಿಟಿ ಆಫ್ ಪಿಟ್ಸ್‌ಬರ್ಗ್) ಸ್ಟೇಡಿಯಂ ಕ್ಯಾಂಪಸ್‌ನಲ್ಲೇ ಇದೆಯಾ?

ಫೋರ್ಬ್ಸ್‌ಪಕ್ಕ
ಈಗಿಲ್ಲ. 1925ರ ಪಿಟ್ ಸ್ಟೇಡಿಯಂನಲ್ಲಿ ಕೊನೇ ಮ್ಯಾಚ್ ಆಗಿದ್ದು 1999ರಲ್ಲಿ. ಅದನ್ನು ಕೆಡವಿ, ಅದೇ ಜಾಗದಲ್ಲಿ 2002ರಲ್ಲಿ ಪೀಟರ್ಸನ್ ಈವೆಂಟ್ಸ್ ಸೆಂಟರ್ ಕಟ್ಟಿದರು. ಅಲ್ಲಿ ನಡೆಯೋದು ಬ್ಯಾಸ್ಕೆಟ್‌ಬಾಲ್. ಅದಕ್ಕೆ ಹೋಗೋ ಡಿಸೋಟೋ ರಸ್ತೆ ಏರನ್ನು ಹುಡುಗರೇ 'ಕಾರ್ಡಿಯಾಕ್ ಹಿಲ್' ಅಂತಾರೆ, ಅಪ್ಪನನ್ನು ಆ ಕಡೆ ಕರ್ಕೊಂಡು ಹೋಗಲೇಬೇಡಿ.

ಪಿಟ್ ಫುಟ್‌ಬಾಲ್ ನಡೆಯೋದು ನದಿಯಾಚೆ ನಾರ್ತ್ ಶೋರ್‌ನ ಅಕ್ರಿಶರ್ ಸ್ಟೇಡಿಯಂನಲ್ಲಿ (2022ರವರೆಗೆ ಹೈಂಜ್ ಫೀಲ್ಡ್). ಫಿಫ್ತ್ ಅವೆನ್ಯೂನಲ್ಲಿ 61 ಅಥವಾ 71 ಸಾಲಿನ ಯಾವ ಬಸ್ಸಾದರೂ ಹತ್ತಿ ಡೌನ್‌ಟೌನ್‌ನಲ್ಲಿ ಇಳೀರಿ. ಅಲ್ಲಿ ಸ್ಟೀಲ್ ಪ್ಲಾಜಾ ಅಥವಾ ವುಡ್ ಸ್ಟ್ರೀಟ್ ನಿಲ್ದಾಣದಿಂದ 'ಟಿ' (ನಗರದ ಲೈಟ್ ರೈಲು) ಹತ್ತಿ. ಡೌನ್‌ಟೌನ್‌ನಿಂದ ನದಿ ಕೆಳಗಿನ ಸುರಂಗ ದಾಟಿ ಆಚೆ ದಡದವರೆಗೂ ಟಿಕೆಟ್ ಇಲ್ಲ, ಪುಕ್ಕಟೆ. ನಾರ್ತ್ ಸೈಡ್ ನಿಲ್ದಾಣ ಬೇಸ್‌ಬಾಲ್‌ನ ಪಿಎನ್‌ಸಿ ಪಾರ್ಕ್‌ಗೆ ಹತ್ತಿರ. ನೀವು ಅದರ ಮುಂದಿನ ಅಲೆಗೇನಿವರೆಗೂ ಹೋಗಿ. ವಾಪಸ್ ಬರುವಾಗಲೂ ಅಲ್ಲೇ ಹತ್ತಿ: ರೈಲು ಹೊರಡೋದೇ ಅಲ್ಲಿಂದ, ನಾರ್ತ್ ಸೈಡ್ ತಲುಪೋ ಹೊತ್ತಿಗೆ ತುಂಬಿ ತುಳುಕ್ತಿರುತ್ತೆ.

ಗೇಟಲ್ಲಿ ಎಡವೋದು ಬ್ಯಾಗ್ ವಿಷಯದಲ್ಲಿ. 12×6×12 ಇಂಚು ಮೀರದ ಪಾರದರ್ಶಕ ಚೀಲ, ಅಥವಾ ಒಂದು ಗ್ಯಾಲನ್ ಜಿಪ್ ಕವರ್. ಅಮ್ಮನ ವ್ಯಾನಿಟಿ ಬ್ಯಾಗ್ ಮನೇಲೇ ಇರಲಿ.

ಹಳದಿ_ಸೀಟು
ಟಿಕೆಟ್ ಸಿಗೋದು ಕಷ್ಟವಿಲ್ಲ. ಸುಮಾರು 68,000 ಸೀಟು, ಊರಿನ ವೃತ್ತಿಪರ ತಂಡ ಸ್ಟೀಲರ್ಸ್ ಆಟಕ್ಕೆ ತುಂಬುತ್ತೆ. ಪಿಟ್ ಆಟಕ್ಕೆ ಎಷ್ಟು ಖಾಲಿ ಅಂತ ಹಳದಿ ಸೀಟುಗಳೇ ಸಾರಿ ಹೇಳ್ತವೆ. ಮಂಡಿನೋವಿದ್ದರೆ ಮೇಲಿನ ಡೆಕ್ ಬೇಡ. ಡೌನ್‌ಟೌನ್ ಕಡೆ ತುದಿ ತೆರೆದಿದೆ, ನದಿ ಗಾಳಿ ನುಗ್ಗೋದು ಅಲ್ಲಿಂದಲೇ. ಆ ತುದಿಗೆ ಫೀಲ್ಡ್ ಗೋಲ್ (ಚೆಂಡನ್ನು ಒದ್ದು ಗೋಲ್ ಕಂಬಗಳ ನಡುವೆ ದಾಟಿಸೋದು) ಹೊಡೆಯೋಕೆ ಕಿಕ್ಕರ್‌ಗಳು ಹೆದರ್ತಾರೆ. ಸಂಜೆ ಆಟವಾದರೆ ಜಾಕೆಟ್ ಖಂಡಿತ ಬೇಕು.

ನವೆಂಬರ್ ಕೊನೆಗೆ ಮುಂದೂಡಬೇಡಿ. ಸ್ಟೀಲರ್ಸ್, ಪಿಟ್ ಎರಡೂ ತಂಡ ತುಳಿಯೋ ನಿಜವಾದ ಹುಲ್ಲು ಅದು. 2007ರಲ್ಲಿ ಹೈಸ್ಕೂಲ್ ಫೈನಲ್‌ಗಳು, ಪಿಟ್ ಆಟ ಎಲ್ಲ ಮುಗಿದ ಮೇಲೆ ಹಳೇ ಹುಲ್ಲಿನ ಮೇಲೇ ಹೊಸದು ಹಾಸಿದರು. ಬೇರು ಹಿಡಿಯೋ ಮೊದಲೇ ಮಳೆ. ಸ್ಟೀಲರ್ಸ್-ಡಾಲ್ಫಿನ್ಸ್ ಸೋಮವಾರದ ಪಂದ್ಯ 3-0ಗೆ ಮುಗೀತು, ಒಂದು ಪಂಟ್ (ಎದುರಾಳಿ ಕಡೆಗೆ ದೂರ ಒದ್ದ ಚೆಂಡು) ಅಂತೂ ಪುಟಿಯದೆ ಕೆಸರಲ್ಲೇ ನೆಟ್ಟುಕೊಂಡಿತು.

ಪ್ರಶ್ನೆ ಕೇಳಿದವರು
ಮೂರೂವರೆ ಗಂಟೆ ಕೂರೋಕೆ ಅಪ್ಪನಿಗೆ ಆಗದಿದ್ದರೆ?

ಫೋರ್ಬ್ಸ್‌ಪಕ್ಕ
ಕಾರ್ನೆಗಿ ಮೆಲನ್ ಯೂನಿವರ್ಸಿಟಿಯ ಗೆಸ್ಲಿಂಗ್ ಸ್ಟೇಡಿಯಂ. ಕ್ಯಾಂಪಸ್ ಒಳಗೇ ಇದೆ. ಡಿವಿಷನ್ 3, ಅಂದ್ರೆ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲದ ಹುಡುಗರ ಆಟ. ನೂಕುನುಗ್ಗಲಿಲ್ಲ, ಸಾಕಾದಾಗ ಎದ್ದು ಬರಬಹುದು.

ಗೋಡೆ406
ಅಕ್ಟೋಬರ್ 13ಕ್ಕೆ ಅವರು ಇಲ್ಲಿದ್ದರೆ ಓಕ್‌ಲ್ಯಾಂಡ್‌ನಲ್ಲೇ ಇದ್ದ ಹಳೇ ಬೇಸ್‌ಬಾಲ್ ಮೈದಾನ ಫೋರ್ಬ್ಸ್ ಫೀಲ್ಡ್‌ನ ಉಳಿದ ಗೋಡೆ ಹತ್ತಿರ ಕರ್ಕೊಂಡು ಹೋಗಿ. 1960ರ ವರ್ಲ್ಡ್ ಸೀರೀಸ್‌ನ (ಬೇಸ್‌ಬಾಲ್ ಫೈನಲ್ ಸರಣಿ) ಏಳನೇ ಪಂದ್ಯವನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಮ್ಯಾಜರೋಸ್ಕಿ ಹೋಮ್ ರನ್ ಹೊಡೆದು ಮುಗಿಸಿದ ದಿನ ಅದು. ಪ್ರತಿವರ್ಷ ಅಭಿಮಾನಿಗಳು ಅಲ್ಲಿ ಕೂತು ಆ ಪಂದ್ಯದ ಹಳೇ ರೇಡಿಯೋ ಪ್ರಸಾರ ಕೇಳ್ತಾರೆ. ಪಕ್ಕದ ಪೋಸ್ವಾರ್ ಹಾಲ್ ನೆಲಮಹಡಿಯಲ್ಲಿ ಆ ಮೈದಾನದ ಹೋಮ್ ಪ್ಲೇಟನ್ನು (ಬ್ಯಾಟರ್ ನಿಲ್ಲೋ ಜಾಗದ ಫಲಕ) ಗಾಜಿನ ಕೆಳಗೆ ಇಟ್ಟಿದ್ದಾರೆ. ಅದು ತರಗತಿಗಳ ಕಟ್ಟಡ, ಹಾಗಾಗಿ ವಾರದ ದಿನ ಹಗಲಲ್ಲಿ ಹೋಗೋದು ಒಳ್ಳೇದು.