ಅಪ್‌ಡೇಟ್: ಬೇಸ್‌ಮೆಂಟಿನ ಹಳೇ ಷಫಲ್‌ಬೋರ್ಡ್ ಮೇಜು

ಷಿಕಾಗೊ ಹತ್ತಿರ ನಾವು ಕೊಂಡ ಮನೆಯ ಬೇಸ್‌ಮೆಂಟಿನಲ್ಲಿ ಸಿಕ್ಕಿದ ಷಫಲ್‌ಬೋರ್ಡ್ (ಉದ್ದ ಮೇಜಿನ ಮೇಲೆ ಲೋಹದ ಬಿಲ್ಲೆಗಳನ್ನು ಜಾರಿಸಿ ಆಡುವ ಆಟ) ಮೇಜಿಗೆ ಎಷ್ಟು ಬೆಲೆ ಬರಬಹುದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಹಳೇ ಆಟದ ಮೇಜುಗಳನ್ನು ರಿಪೇರಿ ಮಾಡುವವರೊಬ್ಬರನ್ನು ಕರೆಸಿ ತೋರಿಸಿದೆವು.

ಇದು ರಾಕ್-ಓಲಾ ಕಂಪನಿಯದು, 1940ರ ದಶಕದ ಕೊನೆಯದು. ಜೂಕ್‌ಬಾಕ್ಸ್‌ಗೆ (ಕಾಸು ಹಾಕಿದರೆ ಹಾಡು ನುಡಿಸುವ ಪೆಟ್ಟಿಗೆ) ಹೆಸರಾದ ಷಿಕಾಗೊದ ಅದೇ ಕಂಪನಿ! ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಬಾರುಗಳಲ್ಲಿ ಈ ಆಟದ ಹುಚ್ಚು ಜೋರಾಗಿತ್ತಂತೆ. ಆಟ ಇನ್ನೂ ತುಂಬಾ ಹಳೆಯದು. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ 1532ರಲ್ಲಿ ಇದರಲ್ಲಿ 9 ಪೌಂಡ್ ಸೋತದ್ದು ಅರಮನೆಯ ಖರ್ಚಿನ ಲೆಕ್ಕದಲ್ಲೇ ಇದೆ.

ಬೆಲೆಯ ಬಹುಪಾಲು ಬಿಲ್ಲೆ ಜಾರುವ ಮೇಪಲ್ ಮರದ ಹಲಗೆಯಲ್ಲಿದೆ. ಮಳೆಗಾಲ, ಚಳಿಗಾಲ ಅಂತ ಮರ ಹಿಗ್ಗಿ ಕುಗ್ಗುತ್ತದಲ್ವಾ, ಅದನ್ನು ಸರಿಪಡಿಸಲು ಹಲಗೆಯ ಅಡಿಯಲ್ಲಿ ಕಬ್ಬಿಣದ ಪಟ್ಟಿ, ಬೋಲ್ಟುಗಳಿರುತ್ತವೆ. ಅವು ಕೆಟ್ಟರೆ ಹಲಗೆ ಸೊಟ್ಟಗಾಗಿ ಬೆಲೆ ಬಿದ್ದುಹೋಗುತ್ತದೆ. ನಮ್ಮದರಲ್ಲಿ ಅವೆಲ್ಲ ಗಟ್ಟಿಯಾಗಿವೆ. ಹಳೇ ಲೋಹದ ಬಿಲ್ಲೆಗಳು ಎಂಟೂ ಇವೆ, ಇದು ನನಗೆ ತುಂಬಾ ಖುಷಿ ಕೊಟ್ಟ ಸುದ್ದಿ.

ಆದರೆ ಮೇಜು 22 ಅಡಿ ಉದ್ದ. ಬೇಸ್‌ಮೆಂಟಿನಿಂದ ಹೊರಗೆ ಸಾಗಿಸುವ ಖರ್ಚಿಗೇ ಲಾಭವೆಲ್ಲ ಹೋಗುತ್ತದೆ. ಹಾಗಾಗಿ ಮಾರುವುದಿಲ್ಲ. ಮೇಲ್ಮೈ ನಯ ಮಾಡಿಸಿ, ಬಿಲ್ಲೆ ಜಾರಲು ಮೇಣದ ಪುಡಿ ತರಿಸಿ ಆಡುತ್ತೇವೆ.